ಸಂದೇಹ–ಸಮಾಧಾನ: ತೆಳುಗೂದಲಿನ ಜಡೆ



ಮದ್ದೂರು ತಾಲ್ಲೂಕಿನ ಭಾರತೀನಗರದ ಕಡೆಯ ಒಂದು ಭಕ್ತಮನೆತನದಿಂದ ಬಂದ ಪತ್ರವು ಈ ಸಂಚಿಕೆಗೆ ವಿಷಯವನ್ನೊದಗಿಸಿದೆ. ಲಕೋಟೆ ಒಂದೇ, ಒಳಗೆ ಹಾಳೆಗಳು ಎರಡು. ಮೊದಲನೆಯದು ಮನೆಯ ಯಜಮಾನರದು. ಎರಡನೆಯದನ್ನು ಅವರ ಧರ್ಮಪತ್ನಿಯವರು, ಪ್ರಾಯಶಃ ಯಜಮಾನರಿಗೆ ತಿಳಿಯದಂತೆ, ಸೇರಿಸಿದ್ದಾರೆ. ಇಪ್ಪತ್ನಾಲ್ಕರ ಹರೆಯದ ಮಗ ಕಳೆದ ಶಿವರಾತ್ರಿಗೆ ಕಾಲ್ನಡಿಗೆಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬಂದಂದಿನಿಂದ ತಲೆ ಬಾಚುವುದನ್ನು ಬಿಟ್ಟಿದ್ದಾನೆ. ಮಾದಪ್ಪನ ಹೆಸರಿನಲ್ಲಿ ಜಡೆ ಬಿಡುವುದೆಂದು ಅವನ ಸಂಕಲ್ಪ. “ಇದು ನಮ್ಮ ಧರ್ಮಕ್ಕೆ ಸಲ್ಲದೆಂದು ತಾವು ಅಚ್ಚಿನಲ್ಲಿ ಬರೆದರೆ ಕೇಳಿಯಾನು, ಹೆಣ್ಣು ಕೊಡಲು ಬಂದವರು ಅವನ ತಲೆ ನೋಡಿ ಹಿಂದಿರುಗುತ್ತಿದ್ದಾರೆ” ಎಂಬುದು ತಂದೆಯವರ ಬಿನ್ನಹ. ತಾಯಿಯವರ ಬಿನ್ನಹ ಬೇರೆ: “ಅವನದು ನನ್ನ ಹಾಗೆಯೇ ನೂಲಿನಂಥ ಕೂದಲು. ಜಡೆ ಕೂಡುತ್ತಿಲ್ಲ. ಆಲದ ಹಾಲು ಬಳಿದುಕೊಂಡು ನೆತ್ತಿಯೆಲ್ಲ ಹುಣ್ಣಾಗಿದೆ. ನೋವಿಲ್ಲದೆ ಆಗುವ ದಾರಿಯಿದ್ದರೆ ತಿಳಿಸಬೇಕು.”

ತಾಯಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಿದ್ಧಾಂತವು ಒಂದು ದಿನ ಕಾಯಬಲ್ಲುದು, ಹುಣ್ಣು ಕಾಯದು.

ಆಲದ ಹಾಲಿನ ಉಪಾಯವನ್ನು ಆ ತರುಣನಿಗೆ ಯಾರು ಹೇಳಿದರೋ, ಅವರು ರಾಮಾಯಣವನ್ನು ಕೇಳಿದ್ದವರೇ ಇರಬೇಕು. ಗಂಗಾತೀರದಲ್ಲಿ ಶ್ರೀರಾಮನು ಗುಹನಿಂದ ಆಲದ ಹಾಲನ್ನು ತರಿಸಿಕೊಂಡು ತನಗೂ ಲಕ್ಷ್ಮಣನಿಗೂ ಜಟೆಯನ್ನು ರಚಿಸಿಕೊಂಡ ಪ್ರಸಂಗ ಅಯೋಧ್ಯಾಕಾಂಡದಲ್ಲಿದೆ. ಅಂದರೆ ಜಟೆಯನ್ನು ಅಂಟಿನಿಂದ ಮಾಡಿಕೊಳ್ಳುವ ಕ್ರಮ ಹೊಸತಲ್ಲ. ಆದರೆ ಅದು ವನಪ್ರವೇಶದ ಗಳಿಗೆಯಲ್ಲಿ ಮಾಡಿಕೊಂಡ ಏರ್ಪಾಡು, ವಾರವಾರವೂ ಬಳಿದುಕೊಳ್ಳುವ ಲೇಪವಲ್ಲ. ಈ ಹಾಲು ಒಣಗಿದ ಮೇಲೆ ರಬ್ಬರಿನಂತೆ ಬಿಗಿಯುತ್ತದೆ, ಧೂಳನ್ನು ಹಿಡಿಯುತ್ತದೆ, ಕೆಲವರ ಚರ್ಮಕ್ಕೆ ಉರಿಯನ್ನೂ ತರುತ್ತದೆ. ಅಂಗಡಿಯಲ್ಲಿ ದೊರೆಯುವ ಮೇಣದ ಲೇಪಗಳ ಅವಗುಣವೂ ಇದೇ. ಮಗನನ್ನು ಮೊದಲು ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ. ಹುಣ್ಣು ಮಾಯುವವರೆಗೆ ವೈದ್ಯರು ಕೊಟ್ಟ ಔಷಧದ ಹೊರತು ತಲೆಗೆ ಏನನ್ನೂ ಹಚ್ಚತಕ್ಕದ್ದಲ್ಲ.

ಇನ್ನು ಕೂದಲು ಜಡೆಗಟ್ಟುವ ಬಗೆ. ನಮ್ಮ ಕಣ್ಣಿಗೆ ನುಣುಪಾಗಿ ತೋರುವ ಕೂದಲಿನ ಮೈಮೇಲೆ, ಮನೆಯ ಮಾಡಿಗೆ ನಾಡಹೆಂಚು ಹೊದಿಸಿದಂತೆ, ಒಂದರ ಮೇಲೊಂದು ಪೊರೆಗಳಿವೆ. ಈ ಪೊರೆಗಳ ಅಂಚು ಒಂದಕ್ಕೊಂದು ತೊಡರಿದಾಗ ಸಿಕ್ಕು ಹುಟ್ಟುತ್ತದೆ. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚುವವರಲ್ಲಿ ಅವು ಬಾಚಣಿಗೆಯೊಡನೆ ಹೊರಟುಹೋಗುತ್ತವೆ. ಬಾಚದವರಲ್ಲಿ ಅಲ್ಲಿಯೇ ಸಿಕ್ಕಿ, ನಿಂತ ಕೂದಲನ್ನು ಸುತ್ತಿ ಹುರಿಗೊಳ್ಳುತ್ತವೆ. ಗುಂಗುರುಗೂದಲು ತಾನಾಗಿಯೇ ತೊಡರುತ್ತದೆ. ದಪ್ಪಗೂದಲಿಗೆ ತೂಕವೂ ಬಲವೂ ಇದೆ. ನೇರವಾದ ತೆಳುಗೂದಲಿನ ದಪ್ಪವಾದರೋ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನ ಆಸುಪಾಸು. ಅದು ಬೇಗ ಸಿಕ್ಕಾಗುತ್ತದೆ, ಅಷ್ಟೇ ಬೇಗ ಜಾರಿ ಬಿಚ್ಚಿಕೊಳ್ಳುತ್ತದೆ, ಎಳೆದರೆ ತುಂಡಾಗುತ್ತದೆ. ತಿಂಗಳಿಗೆ ಕೂದಲು ಬೆಳೆಯುವುದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಶಿವರಾತ್ರಿಯಿಂದೀಚೆಗೆ ಬೆಳೆದದ್ದು ಒಂದು ಗೇಣೂ ಇರಲಾರದು. ಇಂಥ ತಲೆಯಲ್ಲಿ ಜಡೆ ನೆಲೆಗೊಳ್ಳಲು ಒಂದೂವರೆ ಎರಡು ವರ್ಷಗಳೇ ಬೇಕಾದರೂ ಆಶ್ಚರ್ಯವಿಲ್ಲ. ಆ ತರುಣನಿಗೆ ಬೇಕಾಗಿರುವುದು ಅಂಟಲ್ಲ, ಕಾಲ.

ತಲೆಗೆ ನೀರು ಮುಟ್ಟಿಸದಿದ್ದರೆ ಜಡೆ ಬೇಗ ಕೂಡುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ವಾಸ್ತವ ಅದಕ್ಕೆ ವಿಪರೀತ. ಜಿಡ್ಡು ಪೊರೆಗಳನ್ನು ಜಾರಿಸುತ್ತದೆ. ತೊಳೆದು ಒಣಗಿದ ಕೂದಲೇ ಒರಟಾಗಿ ಹಿಡಿದುಕೊಳ್ಳುವುದು. ಆದ್ದರಿಂದ ವಾರಕ್ಕೊಮ್ಮೆ ಎರಡು ಬಾರಿ ತಲೆಸ್ನಾನ ಅಗತ್ಯ. ಸೀಗೆಪುಡಿಯನ್ನು ನೇರವಾಗಿ ತಿಕ್ಕಿದರೆ ಚರಟವು ಜಡೆಯೊಳಗೆ ಉಳಿಯುತ್ತದೆ. ನೆನೆಹಾಕಿ ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಬಳಸುವುದು ಲೇಸು, ಅಂಟುವಾಳದ ತಿಳಿಯೂ ಆದೀತು. ಕೊಬ್ಬರಿ ಎಣ್ಣೆಯನ್ನು ಸದ್ಯಕ್ಕೆ ದೂರವಿಡಬೇಕು. (ಬೆಟ್ಟದಲ್ಲಿ ಮಾದಪ್ಪನಿಗೇ ಎಣ್ಣೆಮಜ್ಜನದ ಸೇವೆ ನಡೆಯುತ್ತದೆ, ಅವನ ಹೆಸರಿನ ಜಡೆಗೆ ಮಾತ್ರ ಎಣ್ಣೆ ಒಗ್ಗದು!) ಸ್ನಾನವನ್ನು ಬಿಸಿಲೇರಿದ ಮೇಲೆ ಮಾಡಿ, ಪೂರ್ಣ ಒಣಗುವವರೆಗೆ ಬಿಚ್ಚಿಟ್ಟಿರಬೇಕು. ಒದ್ದೆಜಡೆಯನ್ನು ಕಟ್ಟಿದರೆ ದುರ್ಗಂಧವೂ ಬೂಷ್ಟೂ ತಪ್ಪವು. ತೆಳುಗೂದಲಿನವರು ಸಣ್ಣಸಣ್ಣ ಎಳೆಗಳ ಆಸೆಯನ್ನು ಬಿಡಬೇಕು. ಹೆಬ್ಬೆರಳ ಗಾತ್ರಕ್ಕೆ ಕಡಿಮೆಯಾದವು ಬುಡದಲ್ಲಿಯೇ ಕಡಿದುಬೀಳುವ ಸಂಭವವುಂಟು. ನೆರೆಯ ಎರಡು ಎಳೆಗಳು ತಾವಾಗಿ ಕೂಡಿಕೊಂಡರೆ ಕೂಡಲಿ. ಇಡೀ ತಲೆ ಒಂದೇ ಹಲಗೆಯಾಗದಂತೆ ಮಾತ್ರ ಕೈಯಿಂದ ಬಿಡಿಸುತ್ತಿರಬೇಕು.

ಆ ಸೀಮೆಯ ಬದುಕು ಕಬ್ಬಿನ ಬದುಕು. ಗದ್ದೆಯಲ್ಲಿ ತರಗು ಸುಲಿಯುವಾಗ ಅದರ ಚೂರುಗಳು, ಆಲೆಮನೆಯಲ್ಲಿ ಕೊಪ್ಪರಿಗೆಯ ಹಬೆ, ಒಲೆಯ ಬೂದಿ, ಇವೆಲ್ಲ ಜಡೆಯೊಳಕ್ಕೆ ಸೇರಿದರೆ ಹೊರಬರುವುದು ಕಷ್ಟ. ಕೆಲಸದ ಹೊತ್ತಿನಲ್ಲಿ ಸಡಿಲವಾದ ಹತ್ತಿಬಟ್ಟೆಯನ್ನು ಸುತ್ತಿಕೊಳ್ಳಲಿ. “ಸಡಿಲ” ಎಂಬುದನ್ನು ಬೇಕೆಂದೇ ಬರೆದಿದ್ದೇನೆ. ಜಡೆಯ ಭಾರವೂ ಬಿಗಿದ ರುಮಾಲೂ ಸೇರಿ ಕಪೋಲದ ಮೇಲ್ಭಾಗದ, ಹಣೆಯಂಚಿನ ಕೂದಲನ್ನು ಬೇರಿನಿಂದ ಸೆಳೆಯುತ್ತವೆ. ಆರಂಭದಲ್ಲಿಯೇ ಗಮನಿಸಿ ಎಳೆತವನ್ನು ತಪ್ಪಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಕಡೆಗಣಿಸಿದರೆ ಆ ಜಾಗ ಶಾಶ್ವತವಾಗಿ ಬೋಳಾಗುತ್ತದೆ. ತೆಳುಗೂದಲಿನವರಿಗೆ ಈ ಅಪಾಯ ಇತರರಿಗಿಂತ ಹೆಚ್ಚು. ತಾಯಿಯವರು ತಿಂಗಳಿಗೊಮ್ಮೆ ಮಗನ ಹಣೆಯಂಚನ್ನು ಬೆಳಕಿನಲ್ಲಿ ನೋಡಲಿ. ಅಲ್ಲಿ ಚರ್ಮ ಕಾಣತೊಡಗಿದರೆ ಸಂಕಲ್ಪವನ್ನು ಅಲ್ಲಿಗೆ ನಿಲ್ಲಿಸುವುದು ವಿವೇಕ.

ಈಗ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಅವರು ಬಯಸಿದ ಉತ್ತರವನ್ನು ಬರೆಯಲು ನನ್ನಿಂದಾಗದು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ, ಇವು ನಮ್ಮ ಅಷ್ಟಾವರಣ. ಇದರಲ್ಲಿ ಜಡೆಗೆ ಸ್ಥಾನವಿಲ್ಲ. ಜಡೆ ಬಿಟ್ಟ ಮಾತ್ರಕ್ಕೆ ಆ ತರುಣನು ಇತರ ಭಕ್ತರಿಗಿಂತ ಒಂದು ಮೆಟ್ಟಿಲು ಮೇಲೇರನು. ಆದರೆ ಆವರಣಗಳಲ್ಲಿ ಇಲ್ಲದ್ದೆಲ್ಲ ನಿಷಿದ್ಧವೆಂದೂ ಅಲ್ಲ. ಶರಣರು ಖಂಡಿಸಿದ್ದು ಒಳಗಿಲ್ಲದೆ ಹೊರಗೆ ತೋರುವ ವೇಷವನ್ನು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪರೀಕ್ಷಿಸುವ ಪ್ರಸಂಗವನ್ನು ನೆನೆಯಿರಿ. ಉಡುಗೆಯನ್ನು ತೊರೆದವಳು ಕೂದಲನ್ನು ಮರೆಮಾಡಿಕೊಂಡದ್ದೇಕೆಂದು ಪ್ರಭುಗಳು ಕೇಳುತ್ತಾರೆ. ಅಷ್ಟು ನಿಷ್ಠುರವಾದ ಪರೀಕ್ಷೆಯಲ್ಲಿಯೂ ಯಾರೂ ಅಕ್ಕನಿಗೆ ಕತ್ತರಿಯನ್ನು ಕೊಡಲಿಲ್ಲ.

ರುದ್ರಾಧ್ಯಾಯದ ಒಂದೇ ನಮಸ್ಕಾರದಲ್ಲಿ ಜಟೆಯನ್ನು ಧರಿಸಿದ ಶಿವನಿಗೂ ಮುಂಡಿತಕೇಶನಾದ ಶಿವನಿಗೂ ಜೊತೆಯಾಗಿ ವಂದನೆ ಸಲ್ಲುತ್ತದೆ. ಇದರ ವ್ಯಾಖ್ಯಾನಕ್ಕೆ ಗ್ರಂಥವನ್ನೇ ತೆರೆಯಬೇಕೆಂದಿಲ್ಲ, ಬೆಟ್ಟಕ್ಕೆ ಹೋಗಿ ನಿಂತರೆ ಸಾಕು. ನಮ್ಮವರೇ ಆದ ಬೇಡಗಂಪಣ ಅರ್ಚಕರು ಪೂಜಿಸುವ ಆ ಸನ್ನಿಧಿಗೆ ಜಡೆ ಬಿಟ್ಟ ದೇವರಗುಡ್ಡರೂ ಬರುತ್ತಾರೆ, ಮುಡಿ ಕೊಟ್ಟು ಬೋಳುತಲೆಯಲ್ಲಿ ಸಾಲುನಿಂತ ಸಾವಿರಾರು ಒಕ್ಕಲೂ ಬರುತ್ತಾರೆ. ಮಾದಪ್ಪ ಎರಡನ್ನೂ ಒಪ್ಪಿಸಿಕೊಳ್ಳುತ್ತಾನೆ.

ಒಂದು ಸಂಗತಿಯಲ್ಲಿ ಮಾತ್ರ ನನ್ನ ನಿಲುವು ಕಠಿಣ. ತಾನಾಗಿ ಬಯಸಿ ಬಿಟ್ಟ ಜಡೆ ಬೇರೆ, ಹೆದರಿ ಉಳಿಸಿಕೊಂಡ ಜಡೆ ಬೇರೆ. ದೀರ್ಘಕಾಲ ಜ್ವರದಿಂದ ಮಲಗಿದವರ, ಆರೈಕೆಯಿಲ್ಲದ ಮಕ್ಕಳ ತಲೆಯಲ್ಲಿ ಕೂದಲು ತಾನಾಗಿ ಗಂಟುಗಟ್ಟುವುದುಂಟು. ಇದನ್ನು ವೈದ್ಯಶಾಸ್ತ್ರವು ಪ್ಲೈಕಾ ಪೊಲೋನಿಕಾ ಎಂದು ಪೋಲೆಂಡ್ ದೇಶದ ಹೆಸರಿನಿಂದಲೇ ಕರೆಯುತ್ತದೆ. ಕತ್ತರಿಸಿದರೆ ಕಣ್ಣು ಹೋದೀತು, ಬುದ್ಧಿ ಕೆಟ್ಟೀತು ಎಂದು ಅಲ್ಲಿಯ ಜನರೂ ಶತಮಾನಗಳ ಕಾಲ ನಡುಗಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೋಜೆಫ್ ಡೀಟ್ಲ್ ಆ ಭಯದ ವಿರುದ್ಧ ಹೋರಾಡಿದನು. ನಮ್ಮ ನಾಡಿನಲ್ಲಿ ಹೆಣ್ಣುಮಗುವಿನ ತಲೆಯ ಸಿಕ್ಕನ್ನು ಸವದತ್ತಿ ಎಲ್ಲಮ್ಮನ ಕರೆಯೆಂದು ಸಾರಿ, ಆ ಕಂದನ ಬಾಳನ್ನೇ ದೇವದಾಸಿಯ ಹೆಸರಿನಲ್ಲಿ ಮಾರಿದವರಿದ್ದರು. ಅದನ್ನು ತಡೆಯಲು 1982ರಲ್ಲಿ ಕರ್ನಾಟಕವು ಕಾಯಿದೆಯನ್ನೇ ಮಾಡಬೇಕಾಯಿತು. ನೆರೆಯ ಮಹಾರಾಷ್ಟ್ರದಲ್ಲಿ, 2013ರಲ್ಲಿ ಪುಣೆಯಲ್ಲಿ ಹತ್ಯೆಗೀಡಾದ ಡಾ. ನರೇಂದ್ರ ದಾಭೋಳ್ಕರ್ ಅವರ ಸಂಘಟನೆಯ ಕಾರ್ಯಕರ್ತರು, ಕತ್ತು ನೋವಿನಿಂದ ಬಳಲುತ್ತಿದ್ದ ಎಷ್ಟೋ ಹೆಂಗಸರ ಮನವೊಲಿಸಿ ಇಂಥ ಜಡೆಗಳನ್ನು ತೆಗೆದಿದ್ದಾರೆ. ನಮ್ಮ ಭಕ್ತಮನೆಗಳಲ್ಲಿ ಯಾವುದಾದರೂ ಹೆಣ್ಣುಮಗಳು ಹೆದರಿಕೆಯಿಂದ ಅಂಥ ಭಾರವನ್ನು ಹೊತ್ತಿದ್ದರೆ, ಕತ್ತರಿಯನ್ನು ಇಂದೇ ಹಿಡಿಯಿರಿ. ಮುಹೂರ್ತ ಬೇಡ.

ಈ ತರುಣನ ವಿಷಯ ಹಾಗಲ್ಲ. ಅವನು ಬಯಸಿದ್ದಾನೆ. ಇಷ್ಟಲಿಂಗಪೂಜೆಯನ್ನು ತಪ್ಪಿಸದೆ, ತಲೆಯನ್ನು ಶುಚಿಯಾಗಿಟ್ಟುಕೊಂಡು, ಎರಡು ವರ್ಷಗಳ ಅವಧಿಯನ್ನು ಅವನಿಗೆ ಕೊಟ್ಟು ನೋಡಿರೆಂದು ಯಜಮಾನರಲ್ಲಿ ನನ್ನ ಕೋರಿಕೆ. ಹೆಣ್ಣಿನ ಕಡೆಯವರ ಮಾತಿಗೆ ಅಂಕಣದಲ್ಲಿ ಔಷಧವಿಲ್ಲ. ಬಂದವರೊಡನೆ ಹುಡುಗನೇ ಕುಳಿತು ಮಾತನಾಡಲಿ, ಜಡೆಯ ಪರವಾಗಿ ತಂದೆತಾಯಿಗಳು ಕ್ಷಮೆ ಕೇಳುತ್ತ ನಿಲ್ಲುವುದು ಬೇಡ.

ಮುಂದೆಂದಾದರೂ ತೆಗೆಸಬೇಕೆನಿಸಿದರೆ ಬೆಟ್ಟಕ್ಕೆ ಹೋಗಿ ಮುಡಿಯಾಗಿ ಒಪ್ಪಿಸಬಹುದು. ಮನೆಯಲ್ಲಿಯೇ ತೆಗೆಸುವುದಾದರೆ ಶಿಂಷೆಗೋ ನಾಲೆಗೋ ಬಿಡಬೇಡಿರಿ. ಕೂದಲು ನೀರಿನಲ್ಲಿ ಬೇಗ ಕರಗದು, ತೂಬಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಹಿತ್ತಲಿನ ತೆಂಗಿನ ಬುಡದಲ್ಲಿ ಮೊಳದುದ್ದದ ಗುಂಡಿ ತೋಡಿ ಹೂಳಿರಿ. ನಿಧಾನವಾಗಿ ಮಣ್ಣಾಗಿ ಮರಕ್ಕೆ ಗೊಬ್ಬರವಾಗುತ್ತದೆ.