ಉಪಗ್ರಹದ ಕಣ್ಣಿಗೆ ಕಾಫಿ ತೋಟವೂ ಕಾಡೇ!

ದೇಶದ ಅರಣ್ಯ ಮತ್ತು ಮರಗಳ ಹೊದಿಕೆ ಶೇ.25.17ಕ್ಕೆ ಮುಟ್ಟಿದೆ ಎನ್ನುತ್ತದೆ ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿ. ಹಿಂದಿನದಕ್ಕಿಂತ 1,445 ಚದರ ಕಿ.ಮೀ. ಜಾಸ್ತಿ. ಕೇಳೋಕೆ ಖುಷಿಯೇ. ಆದ್ರೆ ಅದರಲ್ಲಿ ಅರಣ್ಯದ ಪಾಲು ಬರೀ 156. ಮಿಕ್ಕಿದ್ದೆಲ್ಲ ಅರಣ್ಯದ ಲೆಕ್ಕಕ್ಕೆ ಸೇರದ ಬಿಡಿ ಮರ, ಸಣ್ಣ ತೋಪುಗಳದ್ದು.

ಇನ್ನು ‘ಅರಣ್ಯ’ ಅಂದ್ರೆ ಏನು? ಕೊಡಗಿನವರು ಕೇಳಲೇಬೇಕಾದ ಪ್ರಶ್ನೆ ಇದು. ಕನಿಷ್ಠ ಒಂದು ಹೆಕ್ಟೇರ್ ಜಾಗ, ಅದರ ಮೇಲೆ ಮರಗಳ ಚಪ್ಪರ ಶೇ.10 ದಾಟಿದ್ರೆ ಸಾಕು. ಜಾಗ ಯಾರದ್ದು, ಮರ ಯಾವುದು ಎಂಬ ವಿಚಾರಣೆಯಿಲ್ಲ. ಹಾಗಾಗಿ ನೆರಳಿನ ಕಾಫಿ ತೋಟವೂ ಬ್ರಹ್ಮಗಿರಿಯ ಶೋಲಾ ಕಾಡೂ ಒಂದೇ ಲೆಕ್ಕಕ್ಕೆ. ತೋಟದ ಹಳೇ ನಂದಿ, ಹಲಸು ಕಡಿದು ಸಿಲ್ವರ್ ಓಕ್ ನೆಟ್ಟರೂ ಅದು ಬೆಳೆದು ಚಪ್ಪರ ಕೂಡಿದ ಮೇಲೆ ಅಲ್ಲಿ ‘ಅರಣ್ಯ’ ಇದ್ದೇ ಇರುತ್ತೆ.

ಸಮೀಕ್ಷೆಯವರನ್ನ ದೂರಿ ಫಲವಿಲ್ಲ. 1987ರಿಂದ ಎರಡು ವರ್ಷಕ್ಕೊಮ್ಮೆ ಇಡೀ ದೇಶ ಅಳೆಯೋದು ಸಣ್ಣ ಕೆಲಸವಲ್ಲ, ನೆಲಕ್ಕಿಳಿದು ಮರ ಅಳೆಯುವ ತಂಡಗಳೂ ಇವೆ. ತೊಡಕಿರೋದು ಒಂದು ಶೇಕಡಾವಾರು ಹಿಡಿದು ‘ಕಾಡು ಚೆನ್ನಾಗಿದೆ’ ಎನ್ನುವ ಹೇಳಿಕೆಗಳಲ್ಲಿ. ನಾಗರಹೊಳೆಯಲ್ಲಿ ಲಂಟಾನ ಹಬ್ಬಿ ಹುಲ್ಲು, ಸಸಿ ಮೇಲೇಳದಿದ್ದರೂ ಮೇಲಿಂದ ಕಾಣೋದು ಹಸಿರೇ. ಮೇವು ಕಡಿಮೆಯಾದ ಕಾಡಿನಿಂದ ಆನೆ ತೋಟಕ್ಕೆ ಇಳಿಯೋದು ಆ ಅಂಕಿಯಲ್ಲಿ ಕಾಣಲ್ಲ.

ಸಹಜ ಕಾಡು ಎಷ್ಟು, ತೋಟ ಎಷ್ಟು ಅಂತ ಜಿಲ್ಲಾವಾರು ಬೇರೆ ಬೇರೆ ಕೊಟ್ಟರೆ ಮಾತ್ರ ಕೊಡಗಿನಲ್ಲಿ ಉಳಿದಿರೋ ಕಾಡಿನ ನಿಜವಾದ ಲೆಕ್ಕ ಸಿಕ್ಕೀತು.