ಕಿಸೆಗೆ ಕೈ ಹಾಕುವ ಮುನ್ನ ಪೊಟ್ಟಣ ತಿರುಗಿಸಿ!

ನಿಮ್ಮ ಕೈಗೆ ಕಟ್ಟಿದ ವಾಚು ಯಾವ ಊರಿನದು? ಗೌರಿ ಹಬ್ಬಕ್ಕೆಂದು ಅಮ್ಮನಿಗೆ ತಂದ ರೇಷ್ಮೆ ಸೀರೆಯ ನೂಲು ಯಾವ ದೇಶದ್ದು? ತಮ್ಮನಿಗೆ ಕೊಡಿಸಿದ ಆಟಿಕೆ ಕಾರು ಎಲ್ಲಿ ತಯಾರಾದದ್ದು? ಥಟ್ಟನೆ ಹೇಳಬಲ್ಲಿರಾ? ನಮ್ಮಲ್ಲಿ ಬಹಳ ಮಂದಿ ಹೇಳಲಾರರು. ನಾವು ಬೆಲೆ ಕೇಳುತ್ತೇವೆ, ಬಣ್ಣ ನೋಡುತ್ತೇವೆ, ಊರು ಕೇಳುವುದಿಲ್ಲ.

ಕನ್ನಡದ ಯುವಕ ಯುವತಿಯರೇ, ಇನ್ನು ಮೇಲೆ ಊರನ್ನೂ ಕೇಳಿ! ಬೆಲೆಯೂ ಗುಣವೂ ಹೆಚ್ಚುಕಡಿಮೆ ಸಮನಾಗಿರುವಾಗ ಪರದೇಶದ ಮಾಲನ್ನು ಪಕ್ಕಕ್ಕಿಟ್ಟು ನಮ್ಮವರು ಮಾಡಿದ್ದನ್ನೇ ಕೊಳ್ಳಿ. ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಈ ಎರಡು ಮಾತಿನಲ್ಲಿ ಒಂದನ್ನು ಮರೆತರೂ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೆಹಲಿಗೆ ಹೋಗಬೇಕಿಲ್ಲ. ತುಮಕೂರು ಜಿಲ್ಲೆಯೇ ಸಾಕು.

ಮೊದಲು ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ವಾಚು ತಯಾರಿಕೆ 1978ರಲ್ಲಿ ತುಮಕೂರಿಗೂ ಬಂತು. ಜನತಾ, ಪೈಲಟ್, ಕಾಂಚನ್! ಮದುವೆಯಲ್ಲಿ ಅಳಿಯನ ಕೈಗೆ ಎಚ್.ಎಂ.ಟಿ. ಕಟ್ಟದಿದ್ದರೆ ಮಾವನ ಮರ್ಯಾದೆ ಹೋಗುತ್ತಿದ್ದ ಕಾಲ ಅದು. ಆ ಕಾರ್ಖಾನೆಯ ಸಂಬಳದಲ್ಲಿ ಎಷ್ಟು ಸಂಸಾರ ನಡೆದವು, ಎಷ್ಟು ಮಕ್ಕಳು ಓದಿದರು! 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಇಸ್ರೋ ಕೈಗೆ ಹೋಯಿತು.

ಅದನ್ನು ಕೊಂದವರು ಯಾರು? ಪರದೇಶಿ ವಾಚು ಎಂದು ಭಾಷಣ ಬಿಗಿಯುವುದು ಸುಲಭ. ಅದು ಅರ್ಧ ಸತ್ಯ. ಕಳ್ಳಸಾಗಣೆಯಲ್ಲಿ ಬಂದು ಬೀದಿಬದಿಯಲ್ಲಿ ಬಿಕರಿಯಾದ ಅಗ್ಗದ ವಾಚುಗಳು ಪೆಟ್ಟು ಕೊಟ್ಟದ್ದು ನಿಜ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಗಡಿಯಾಚೆಯ ಹೊಸೂರಿನಿಂದ. 1987ರಲ್ಲಿ ಟೈಟಾನ್ ಅಂದದ ಕ್ವಾರ್ಟ್ಜ್ ವಾಚುಗಳೊಂದಿಗೆ ಪೇಟೆಗೆ ಇಳಿಯಿತು. ಕ್ವಾರ್ಟ್ಜ್ ವಾಚನ್ನು ಅದಕ್ಕಿಂತ ಮೊದಲೇ ಮಾಡಿದ್ದ ಎಚ್.ಎಂ.ಟಿ. ಮಾತ್ರ ಹೆಚ್ಚಾಗಿ ಕೀ ಕೊಡುವ ವಾಚನ್ನೇ ನಂಬಿ ಕೂತಿತು. ಗಿರಾಕಿಯ ಮನಸ್ಸು ಬದಲಾದದ್ದನ್ನು ಆಳುವವರು ನೋಡಲಿಲ್ಲ. ನಷ್ಟ ಅನುಭವಿಸಿದವರು ಆಳುವವರಲ್ಲ, ದುಡಿಯುವವರು! ಸ್ವದೇಶಿ ಎಂಬ ಹಣೆಪಟ್ಟಿ ಮಾಲನ್ನು ಮಾರಿಕೊಡುವುದಿಲ್ಲ. ನಮ್ಮವರ ಮಾಲನ್ನು ಕೊಳ್ಳುವುದು ಭಿಕ್ಷೆ ಹಾಕಿದಂತೆ ಆಗಬಾರದು. ಕೊಳ್ಳುತ್ತಲೇ ಗುಣ ಕೇಳಬೇಕು, ಕೆಟ್ಟದ್ದು ಕೊಟ್ಟರೆ ಗದರಬೇಕು.

ಈಗ ಕುಣಿಗಲ್ ಕಡೆ ನಡೆಯಿರಿ. ಕುಣಿಗಲ್ ಎಂದರೆ ಕೆರೆಯ ಹಾಡು, ಕುದುರೆ ಫಾರಂ ಎಂದಷ್ಟೇ ನಗರದವರಿಗೆ ಗೊತ್ತು. ಮಾಗಡಿಯ ಜೊತೆ ಈ ಸೀಮೆ ಅಪ್ಪಟ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ನಾಡು. ರಾಜ್ಯದ ಮಿಶ್ರತಳಿ ರೇಷ್ಮೆಗೆ ತಾಯಿಯ ಕಡೆಯ ತಳಿ ಇದೇ. ಇಲ್ಲಿ ಹುಳು ಮೇಯಿಸುವ ಮನೆ ಕೆಟ್ಟರೆ ರಾಮನಗರದ ಗೂಡಿನ ಮಾರುಕಟ್ಟೆಯವರೆಗೂ ಅದರ ಬಿಸಿ ತಟ್ಟುತ್ತದೆ.

ಅಂಥ ರೈತನಿಗೆ 2011ರಲ್ಲಿ ಏನಾಯಿತು ಗೊತ್ತೇ? ಕೇಂದ್ರದ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಮ್ಮೆಗೇ ಶೇ. 5ಕ್ಕೆ ಇಳಿಸಿತು. ಚೀನಾದ ನೂಲಿಗೆ ಬಾಗಿಲು ತೆರೆಯಿತು. ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಅಷ್ಟರಲ್ಲಿ ಎಷ್ಟೋ ಕಡೆ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಟ್ಟಾಗಿತ್ತು. ದೆಹಲಿಯಲ್ಲಿ ಎಳೆದ ಒಂದು ಗೆರೆ, ಹುಳುವಿನ ಮನೆಯಲ್ಲಿ ಖಾಲಿ ಚಂದ್ರಿಕೆ!

ನೇಕಾರನ ಮಾತನ್ನೂ ಕೇಳೋಣ. ಚೀನಾದ ನೂಲು ಹಾಸಿಗೆ ಹಾಕಿದರೆ ಹರಿಯುವುದಿಲ್ಲ, ಮಗ್ಗ ನಿಲ್ಲುವುದಿಲ್ಲ ಎನ್ನುತ್ತಾನೆ ಆತ. ಅವನೂ ನಮ್ಮವನೇ, ಅವನ ಹೊಟ್ಟೆಯೂ ಹೊಟ್ಟೆಯೇ. ಅದಕ್ಕೆ ಉತ್ತರ ಬೈಗುಳವಲ್ಲ. ನಮ್ಮಲ್ಲೇ ಒಳ್ಳೆಯ ದ್ವಿತಳಿ ಗೂಡು, ಒಳ್ಳೆಯ ನೂಲು ತೆಗೆಯುವ ಯಂತ್ರ, ಅದಕ್ಕೆ ತಕ್ಕ ಬೆಲೆ. ಆ ಬೆಲೆ ಕೊಡುವವರು ಕೊನೆಗೆ ಯಾರು? ಸೀರೆ ಕೊಳ್ಳುವ ನೀವು! ಸಿಲ್ಕ್ ಮಾರ್ಕ್ ಚೀಟಿ ಕಂಡರೆ ಸಾಲದು. ಅದು ಅಪ್ಪಟ ರೇಷ್ಮೆ ಎಂದು ಹೇಳುತ್ತದೆಯೇ ಹೊರತು ನಮ್ಮ ರೇಷ್ಮೆ ಎಂದು ಹೇಳುವುದಿಲ್ಲ. ನೂಲು ಎಲ್ಲಿಯದು ಎಂದು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ. ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವರೇ ಹೇಳುತ್ತಾರೆ.

ಹಾಗಾದರೆ ಪರದೇಶದ್ದೆಲ್ಲ ಬೇಡವೇ? ಅದು ಹುಚ್ಚುತನ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. ನಾಟಕದ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಗುಬ್ಬಿ ಈಗ ಹೆಲಿಕಾಪ್ಟರಿಗೂ ಹೆಸರಾಗಲಿ, ಹೆಮ್ಮೆಯೇ! ಆದರೆ ಎಚ್.ಎ.ಎಲ್. ಹೆಲಿಕಾಪ್ಟರುಗಳ ಶಕ್ತಿ ಎಂಜಿನ್ನನ್ನು ರೂಪಿಸಿದ್ದು ಫ್ರಾನ್ಸಿನ ಕಂಪನಿಯ ಜೊತೆಗೂಡಿ. ಎಚ್.ಎಂ.ಟಿ. ವಾಚು ಮಾಡಲು ಕಲಿತದ್ದೂ ಜಪಾನಿನವರಿಂದಲೇ. ಕಲಿಯಲು ತರುವುದು ಬೇರೆ, ಕೈಕಟ್ಟಿ ಕೂತು ಕೊಳ್ಳುವುದು ಬೇರೆ. ಜೀವ ಉಳಿಸುವ ಔಷಧ, ಇಲ್ಲಿ ಆಗದ ಯಂತ್ರ ಬರಲಿ. ದಿನಗೂಲಿಯ ತಾಯಿ ಮಗುವಿಗೆ ಅಗ್ಗದ ಚಪ್ಪಲಿ ಕೊಂಡರೆ ಆಕೆಯ ದೇಶಭಕ್ತಿ ಅಳೆಯಲು ಯಾರೂ ಹೊರಡಬೇಡಿ. ನಮ್ಮ ಮಾತು ಆಯ್ಕೆ ಇರುವವರಿಗೆ, ಅಂದರೆ ನಿಮಗೆ.

ಆಯ್ಕೆ ಮಾಡಬೇಕಾದರೆ ಮಾಲು ಎಲ್ಲಿಯದು ಎಂಬುದು ತಿಳಿಯಬೇಕಲ್ಲ? ಇಲ್ಲೇ ಇರುವುದು ಗುಟ್ಟು. ಪೊಟ್ಟಣದ ಮಾಲುಗಳ 2011ರ ನಿಯಮದ ಪ್ರಕಾರ ಆಮದಾದ ಪೊಟ್ಟಣದ ಮೇಲೆ ತಯಾರಾದ ದೇಶ, ಆಮದು ಮಾಡಿಕೊಂಡವರ ಹೆಸರು, ವಿಳಾಸ ಇರಲೇಬೇಕು. ಆದರೆ ಆ ವಿವರ ಯಾವ ಭಾಷೆಯಲ್ಲಿ? ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ! ಬೇರೆ ಭಾಷೆ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಿಕೊಳ್ಳಬಹುದಂತೆ. ಕನ್ನಡ ಮಾತ್ರ ಓದಬಲ್ಲ ಗುಬ್ಬಿಯ ಅಜ್ಜಿ ಸಂತೆಯಲ್ಲಿ ಸ್ವದೇಶಿ ಪರದೇಶಿ ಗುರುತಿಸುವುದು ಹೇಗೆ? ಸ್ವದೇಶಿ ಕೊಳ್ಳಿ ಎಂದು ಉಪದೇಶಿಸುವ ದೊಡ್ಡವರು, ಸ್ವದೇಶಿ ಯಾವುದೆಂದು ಅಜ್ಜಿಯ ನುಡಿಯಲ್ಲಿ ಬರೆಯಲು ಏಕೆ ಹಿಂಜರಿಯುತ್ತಾರೆ? 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ, ಕರ್ನಾಟಕದಲ್ಲಿ ತಯಾರಾದ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಸೂಚಿಸಿತು. ಸೂಚನೆ ಕಾಗದದ ಮೇಲಿದೆ. ಪೊಟ್ಟಣದ ಮೇಲೆ ಬರಬೇಕಾದರೆ ಕೇಳುವವರು ಬೇಕು.

ಆದ್ದರಿಂದ ಗೆಳೆಯರೇ, ಮಾಡಬೇಕಾದ್ದು ಮೂರೇ ಕೆಲಸ. ಒಂದು, ಪೊಟ್ಟಣ ತಿರುಗಿಸಿ ಓದಿ. ‘ಮಾರ್ಕೆಟೆಡ್ ಬೈ’ ಎಂದು ಬೆಂಗಳೂರಿನ ವಿಳಾಸ ಕಂಡು ಮರುಳಾಗಬೇಡಿ. ಅದು ಮಾರುವವನ ವಿಳಾಸ, ಮಾಡಿದವನ ವಿಳಾಸ ಬೇರೆ ಇರಬಹುದು. ಎರಡು, ಹತ್ತಿರದವರು ಮಾಡಿದ ಒಳ್ಳೆಯ ಮಾಲಿಗೆ ಮೊದಲ ಅವಕಾಶ ಕೊಡಿ. ನಮ್ಮ ತಾಲ್ಲೂಕು, ನಮ್ಮ ಜಿಲ್ಲೆ, ನಮ್ಮ ನಾಡು, ಆಮೇಲೆ ದೇಶ, ಆಮೇಲೆ ಹೊರಗಿನದು. ಮೂರು, ನಮ್ಮವರು ಮಾಡಿದ ಮಾಲಿಗೆ ಕನ್ನಡದ ಹೆಸರನ್ನೂ, ಕಾರ್ಖಾನೆಯಲ್ಲಿ ಕನ್ನಡದ ಮಕ್ಕಳಿಗೆ ಕೆಲಸವನ್ನೂ ಕೇಳಿ. ಕನ್ನಡದ ನೆಲ, ಕನ್ನಡದ ನೀರು, ಕನ್ನಡದ ಗಿರಾಕಿ ಎಲ್ಲ ಬೇಕು, ಕನ್ನಡದ ಕೆಲಸಗಾರ ಮಾತ್ರ ಬೇಡ ಎನ್ನುವ ಕಂಪನಿಗೆ ಸ್ವದೇಶಿ ಎಂದು ಎದೆ ತಟ್ಟಿಕೊಳ್ಳುವ ಹಕ್ಕಿಲ್ಲ!

ಹಳೆಯ ಜನತಾ, ಪೈಲಟ್ ವಾಚುಗಳನ್ನು ಇಂದು ಹವ್ಯಾಸಿಗಳು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ. ಕಾರ್ಖಾನೆ ಮುಚ್ಚಿದ ಮೇಲೆ ತೋರಿದ ಪ್ರೀತಿಯಿಂದ ತುಮಕೂರಿನ ಒಬ್ಬ ಕೆಲಸಗಾರನಿಗೂ ಸಂಬಳ ಬರಲಿಲ್ಲ. ಕುಣಿಗಲ್ಲಿನ ಗೂಡಿಗೂ ಅದೇ ಗತಿ ಬರುವ ಮುನ್ನ, ನಾಳೆ ಅಂಗಡಿಗೆ ಹೋದಾಗ ಊರು ಕೇಳಿ. ಕನ್ನಡದಲ್ಲೇ ಕೇಳಿ!