ಅಂಗಡಿಯ ಥಳುಕಿಗೆ ಮರುಳಾಗದಿರಿ, ಮನೆಯ ಚಿತ್ರ ನೋಡಿ ಟಿ.ವಿ. ಕೊಳ್ಳಿ!

ಕನ್ನಡದ ಯುವಕ ಯುವತಿಯರೇ,

ಹಬ್ಬ ಬಂತೆಂದರೆ ನಿಮಗೆ ಊರಿನ ಮನೆ ನೆನಪಾಗುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದುಡಿಯುವ ಮಗ ಕದ್ರಾದಲ್ಲಿರುವ ಅಪ್ಪ ಅಮ್ಮನಿಗೆ ದೊಡ್ಡ ಟಿ.ವಿ. ಕೊಡಿಸಲು ಹೊರಡುತ್ತಾನೆ. ಒಳ್ಳೆಯ ಮನಸ್ಸು. ಆದರೆ ಆ ಟಿ.ವಿ. ಆರಿಸುವುದು ಯಾರು? ಅಮ್ಮನ ಕಣ್ಣೋ, ಅಂಗಡಿಯ ದೀಪವೋ?

ಷೋರೂಮಿನ ಗೋಡೆ ನೋಡಿ. ಗಿಳಿಯ ರೆಕ್ಕೆ, ಹಿಮದ ಬೆಟ್ಟ, ತೊಟ್ಟಿಕ್ಕುವ ಜೇನು! ಅದು ಪ್ರದರ್ಶನಕ್ಕೆಂದೇ ತಯಾರಾದ 4ಕೆ ಚಿತ್ರ. ಟಿ.ವಿ.ಯನ್ನು ಅಂಗಡಿ ಮೋಡ್‌ನಲ್ಲಿಟ್ಟು ಬೆಳಕು, ಬಣ್ಣ ಎರಡನ್ನೂ ಏರಿಸಿರುತ್ತಾರೆ. ನಿಮ್ಮಮ್ಮ ದಿನವೂ ಗಿಳಿ ನೋಡುತ್ತಾರೆಯೇ? ಅವರು ನೋಡುವುದು ಚಂದನದ ವಾರ್ತೆ, ಸಂಜೆಯ ಧಾರಾವಾಹಿ, ಉದಯದ ಹಳೆಯ ಸಿನಿಮಾ, ರಾತ್ರಿಯ ಯಕ್ಷಗಾನ. ಆ ಚಿತ್ರ ಹೇಗೆ ಕಾಣುತ್ತದೆ ಎಂದು ಕೇಳಿದವರು ನಿಮ್ಮಲ್ಲಿ ಎಷ್ಟು ಮಂದಿ?

ನಾನು ಮುದ್ರಣಾಲಯ ನಡೆಸುವವನು. ಓದಿದ್ದು ಪಿ.ಯು.ಸಿ.ವರೆಗೆ. ಆದರೆ ಚುಕ್ಕೆಯ ಲೆಕ್ಕ ನನಗೆ ಗೊತ್ತು. ವಾಟ್ಸಾಪಿನಲ್ಲಿ ಬಂದ ಸಣ್ಣ ಫೋಟೊ ತಂದು ಆಳೆತ್ತರದ ಬ್ಯಾನರ್ ಮಾಡಿಕೊಡಿ ಎನ್ನುವವರಿಗೆ ನಾನು ಹೇಳುವುದು ಒಂದೇ: ಇಲ್ಲದ ಚುಕ್ಕೆಯನ್ನು ಯಾವ ಯಂತ್ರವೂ ಹುಟ್ಟಿಸದು. ಟಿ.ವಿ.ಯದೂ ಇದೇ ಕಥೆ. ಹಳೆಯ 625 ಸಾಲಿನ ಪದ್ಧತಿಯಿಂದ ಉಳಿದುಬಂದ ಎಸ್‌ಡಿ ಚಿತ್ರದಲ್ಲಿ ಹೆಚ್ಚೆಂದರೆ 720×576, ಅಂದರೆ ಸುಮಾರು 4 ಲಕ್ಷ ಚುಕ್ಕೆ. 4ಕೆ ಪರದೆಯಲ್ಲಿ 3840×2160, ಸುಮಾರು 83 ಲಕ್ಷ. ಒಂದು ಚುಕ್ಕೆ ಬಂದರೆ ಉಳಿದ ಹತ್ತೊಂಬತ್ತನ್ನು ಟಿ.ವಿ. ತಾನೇ ಊಹಿಸಿ ತುಂಬಬೇಕು! ಅಗ್ಗದ ಟಿ.ವಿ. ಒರಟಾಗಿ ಊಹಿಸುತ್ತದೆ, ಒಳ್ಳೆಯದು ನಯವಾಗಿ ಊಹಿಸುತ್ತದೆ. ನೀವು ಪರೀಕ್ಷಿಸಬೇಕಾದದ್ದು ಇದನ್ನು. ಪರದೆ ದೊಡ್ಡದಾದಷ್ಟೂ ಸಿಗ್ನಲ್ಲಿನ ಬಡತನವೂ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ಅಂಗಡಿಯವರಿಗೆ ಕನ್ನಡದಲ್ಲೇ ಹೇಳಿ: “ಗಿಳಿ ಸಾಕು, ಕನ್ನಡ ಚಾನೆಲ್ ಹಾಕಿ.” ಡಿಶ್ ಇಲ್ಲ ಎಂದರೆ ಯೂಟ್ಯೂಬಿನಲ್ಲಿ ಕನ್ನಡ ಕಾರ್ಯಕ್ರಮ ತೆರೆದು ಗುಣಮಟ್ಟವನ್ನು 480ಕ್ಕೆ ಇಳಿಸಿಸಿ. ಅದಕ್ಕೂ ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ದುಡ್ಡು ನಿಮ್ಮದು!

ಮೊದಲ ಪರೀಕ್ಷೆ ಒತ್ತಕ್ಷರ. ವಾರ್ತೆಯ ಕೆಳಗೆ ಓಡುವ ಸಾಲು ನೋಡಿ. ಇಂಗ್ಲಿಷ್ ಅಕ್ಷರ ಹೇಗೋ ಬದುಕಿಕೊಳ್ಳುತ್ತದೆ. ನಮ್ಮ ಅಕ್ಷರದ ಕೆಳಗಿನ ಒತ್ತು ಚಿಕ್ಕದು, ಟಿ.ವಿ. ಎಡವಿದರೆ ಮೊದಲು ಕಲಸಿಹೋಗುವುದು ಅದೇ. ‘ರಾಷ್ಟ್ರ’ದ ಒತ್ತು ಬಿಡಿಸಿ ಓದಲು ಬಂದರೆ ಆ ಟಿ.ವಿ. ಅರ್ಧ ಗೆದ್ದಂತೆ.

ಎರಡನೆಯದು ಕಪ್ಪು ಬಿಳುಪು ಚಿತ್ರ. 1954ರ ‘ಬೇಡರ ಕಣ್ಣಪ್ಪ’ ಹಾಕಿಸಿ. ಬಿಳಿ ನೀಲಿಯಾಗಿ ಕಂಡರೆ ಬಣ್ಣದ ಹದ ತಪ್ಪಿದೆ ಎಂದೇ ಅರ್ಥ. ಆ ಕಾಲದ ಚೌಕ ಚಿತ್ರವನ್ನು ಅಗಲ ಪರದೆಗೆ ಎಳೆದಿದ್ದಾರೆಯೇ ನೋಡಿ. ಹಾಗೆ ಎಳೆದರೆ ಅಣ್ಣಾವ್ರ ಮುಖ ಇರಬೇಕಾದುದಕ್ಕಿಂತ ಮೂರನೇ ಒಂದು ಪಾಲು ಅಗಲವಾಗುತ್ತದೆ. ಇದನ್ನು ಸಹಿಸುತ್ತೀರಾ? ಎರಡು ಬದಿ ಕಪ್ಪು ಪಟ್ಟಿ ಇದ್ದರೂ ಚಿಂತೆಯಿಲ್ಲ, ಮುಖ ಮುಖದಂತಿರಲಿ.

ಮೂರನೆಯದು ಯಕ್ಷಗಾನ. ಹಿಂದೆ ಕತ್ತಲು, ಮುಂದೆ ಕೆಂಪು, ಚಿನ್ನದ ಬಣ್ಣದ ವೇಷ. ಕತ್ತಲು ಬೂದಿಯಂತಾಗಬಾರದು, ಕೆಂಪು ಹರಡಬಾರದು. ಆಮೇಲೆ ಪಕ್ಕಕ್ಕೆ ಸರಿದು, ನೆಲದ ಮೇಲೆ ಕೂತಂತೆ ಬಗ್ಗಿ ನೋಡಿ. ವಿಎ ಪರದೆಯ ಕಪ್ಪು ಗಾಢ, ಆದರೆ ಪಕ್ಕದವರಿಗೆ ಬಣ್ಣ ಪೇಲವ. ಐಪಿಎಸ್ ಪರದೆಯಲ್ಲಿ ಪಕ್ಕದಿಂದಲೂ ಬಣ್ಣ ಸರಿ, ಕಪ್ಪು ಮಾತ್ರ ಸ್ವಲ್ಪ ಬೂದು. ಜಗಲಿಯ ತುಂಬ ಜನ ಕೂತು ನೋಡುವ ಮನೆಗೆ ಯಾವುದು ಹಿತವೆಂದು ನೀವೇ ತೀರ್ಮಾನಿಸಿ.

ಇನ್ನು ಅಳತೆ. ಅಮ್ಮ ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಡಿ ಎಂದು ಫೋನ್ ಮಾಡಿ ಕೇಳಿ. 43 ಇಂಚಿನ ಪರದೆಯಲ್ಲಿ ಪೂರ್ಣ ಎಚ್‌ಡಿಯ ಚುಕ್ಕೆಗಳು ಸುಮಾರು ಆರು ಅಡಿಯಾಚೆ ಸಾಮಾನ್ಯ ಕಣ್ಣಿಗೆ ಬಿಡಿಯಾಗಿ ಕಾಣವು. ಒಂಬತ್ತು ಅಡಿಯಲ್ಲಿ ಕೂತವರಿಗೆ 4ಕೆ ಎಂಬ ಹೆಸರಿಗಾಗಿ ಹೆಚ್ಚು ಹಣ ಏಕೆ ಸುರಿಯಬೇಕು? ಅದೇ ಹಣದಲ್ಲಿ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಹಾಕಿಸಿ, ಅವರು ನೋಡುವ ಕನ್ನಡ ಚಾನೆಲ್‌ಗಳ ಎಚ್‌ಡಿ ಪ್ಯಾಕ್ ಕಟ್ಟಿ. ಪೂರ್ಣ ಎಚ್‌ಡಿ ಎಂದರೆ ಎಸ್‌ಡಿಯ ಐದು ಪಟ್ಟು ಚುಕ್ಕೆ. ಅದು ಕಣ್ಣಿಗೆ ಕಾಣುವ ಲಾಭ.

ನಮ್ಮ ಕದ್ರಾ ಘಟ್ಟದ ಬುಡದ ಊರು. ಆಷಾಢದ ಮಳೆ ಹೊಡೆದಾಗ ಡಿಶ್‌ಗೆ ಬರುವ ಅಲೆಯನ್ನು ಮಳೆನೀರೇ ನುಂಗುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದು ಟಿ.ವಿ.ಯ ತಪ್ಪಲ್ಲ, ದುಬಾರಿ ಟಿ.ವಿ. ತಂದರೂ ನಿಲ್ಲದು. ಆಗ್ನೇಯಕ್ಕೆ ಮುಖ ಮಾಡಿದ ಡಿಶ್‌ಗೆ ತೆಂಗಿನ ಗರಿ ಅಡ್ಡ ಬಂದಿದೆಯೇ, ಸಡಿಲಾಗಿದೆಯೇ ಎಂದು ಊರಿಗೆ ಹೋದಾಗ ನೋಡಿ ಸರಿಪಡಿಸಿ.

ಟಿ.ವಿ. ಮನೆಗೆ ಬಂದ ದಿನ ಮನೆ ಮೋಡ್‌ಗೆ ಬದಲಿಸಿ, ಸಿನಿಮಾ ಮೋಡ್ ಹಾಕಿ, ಶಾರ್ಪ್‌ನೆಸ್ ಇಳಿಸಿ. ಸೆಟ್ಟಿಂಗಿನಲ್ಲಿ ಕನ್ನಡ ಇದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ. ಇಲ್ಲವಾದರೆ ಏಕಿಲ್ಲ ಎಂದು ಕೇಳಿ. ನಾವು ಕೇಳದಿದ್ದರೆ ಯಾವ ಕಂಪನಿ ತಾನಾಗಿ ಕೊಡುತ್ತದೆ?

ಕಾಳಿ ನದಿಗೆ ಅಣೆಕಟ್ಟು ಕಟ್ಟಿ 150 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ ನಿಲ್ಲಿಸಿದ ಊರು ಕದ್ರಾ. ನಾಡಿಗೆ ಬೆಳಕು ಕೊಟ್ಟ ಊರಿನ ಮನೆಯಲ್ಲಿ ಕನ್ನಡದ ಅಕ್ಷರ ಮಸಕಾಗಿ ಕಾಣಬಾರದು. ಗೆಳೆಯರೇ, ಅಂಗಡಿಯಲ್ಲಿ ಇಂಚು ಕೇಳುವ ಮೊದಲು ಒತ್ತಕ್ಷರ ನೋಡಿ!